ಓದುಗರ ಪ್ರಶ್ನೆ: ನ್ಯೂಯಾರ್ಕ್‌ಗೆ ಆರೇ ಗಂಟೆಯೇ?

ಪ್ರಶ್ನೆ: ಜನವರಿಯಲ್ಲಿ ಮಗಳ ಮನೆಗೆ ಹೊರಟಿದ್ದೇವೆ. ನೇರ ವಿಮಾನ. ಟಿಕೆಟ್‌ನಲ್ಲಿ ಮುಂಬಯಿಯಿಂದ 10ನೇ ತಾರೀಕು ರಾತ್ರಿ 2ಕ್ಕೆ ಹೊರಟು ಅದೇ ದಿನ ಬೆಳಿಗ್ಗೆ 8ಕ್ಕೆ ನ್ಯೂಯಾರ್ಕ್ ಎಂದಿದೆ. ಬರುವಾಗ ಮಾತ್ರ ಮಧ್ಯಾಹ್ನ 12ಕ್ಕೆ ಹೊರಟರೆ ಮರುದಿನ ಮಧ್ಯಾಹ್ನ 1 ಗಂಟೆ. ನಿಜಕ್ಕೂ ಎಷ್ಟು ಹೊತ್ತಿನ ಪ್ರಯಾಣ?
— ಡೊಂಬಿವಲಿಯ ಓದುಗರು

ಉತ್ತರ: ಟಿಕೆಟ್‌ನಲ್ಲಿ ಹೊರಡುವ ಹೊತ್ತು ಆ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ಜನವರಿಯಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಹೋಗುವಾಗ ಅದನ್ನು ಕೂಡಿಸಿ: 6 ಗಂಟೆಗೆ ಹತ್ತೂವರೆ ಸೇರಿ ಹದಿನಾರೂವರೆ. ಬರುವಾಗ ಕಳೆಯಿರಿ: 25ರಲ್ಲಿ ಹತ್ತೂವರೆ ಹೋದರೆ ಹದಿನಾಲ್ಕೂವರೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ ಅಂತರ ಒಂಬತ್ತೂವರೆ.

ಉಳಿದ ಎರಡು ಗಂಟೆಯ ವ್ಯತ್ಯಾಸ ಗಾಳಿಯದು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ; ಹಾಗಲ್ಲ, ಭೂಮಿಯ ಜೊತೆಗೆ ಗಾಳಿಯೂ ವಿಮಾನವೂ ತಿರುಗುತ್ತಿರುತ್ತವೆ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಹರಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವೇಗ 840. ಅದೇ ಗಾಳಿ ಬೆನ್ನಿಗೆ ಬಂದರೆ 960. ಇಷ್ಟು ದೂರಕ್ಕೆ ಇದರಿಂದಲೇ ಎರಡು ಗಂಟೆಯ ಹತ್ತಿರ ಹೆಚ್ಚುಕಮ್ಮಿಯಾಗುತ್ತದೆ.

ದೂರ ಸುಮಾರು 12,530 ಕಿ.ಮೀ. ಗೋಡೆಯ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಅದರಂತೆ ಹಾರಿದರೆ 14,200 ಆಗುತ್ತದೆ. ಗ್ಲೋಬ್ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿ: ಮುಂಬಯಿಯಿಂದ ವಾಯವ್ಯಕ್ಕಿಂತಲೂ ಉತ್ತರಕ್ಕೆ ವಾಲಿ, 65 ಡಿಗ್ರಿ ಅಕ್ಷಾಂಶದ ಹತ್ತಿರದವರೆಗೆ ಏರಿ ಇಳಿಯುತ್ತದೆ. ಅದೇ ಹತ್ತಿರದ ದಾರಿ. ಯಾವುದೋ ದೇಶ ತನ್ನ ಆಕಾಶ ಮುಚ್ಚಿದರೆ ವಿಮಾನ ಸುತ್ತುಬಳಸಿ ಹೋಗಬೇಕು. ಟಿಕೆಟ್‌ನ ಹದಿನಾರೂವರೆ ಗಂಟೆಯಲ್ಲಿ ಆ ಸುತ್ತೂ ರನ್‌ವೇಗೆ ಸಾಗುವ ಸಮಯವೂ ಸೇರಿರುತ್ತವೆ.

ಒಂದು ಎಚ್ಚರಿಕೆ. 10ನೇ ತಾರೀಕಿನ ರಾತ್ರಿ 2 ಅಂದರೆ 9ನೆಯ ರಾತ್ರಿ. 9ನೇ ತಾರೀಕು ಊಟ ಮುಗಿಸಿ ಹೊರಟು, ರಾತ್ರಿ 11ಕ್ಕೆ ಸಹಾರ್‌ನ ಟರ್ಮಿನಲ್ 2ರಲ್ಲಿರಬೇಕು. 10ರ ರಾತ್ರಿ ಎಂದುಕೊಂಡು ವಿಮಾನ ತಪ್ಪಿಸಿಕೊಳ್ಳುವವರು ಇದ್ದಾರೆ.

ಪ್ರಶ್ನೆ: ಮುಂಬಯಿ–ಲಂಡನ್ ದೂರ ಒಂದು ಕಡೆ 7,210, ಇನ್ನೊಂದು ಕಡೆ 4,480, ಮತ್ತೊಂದು ಕಡೆ 3,890 ಎಂದು ತೋರಿಸುತ್ತದೆ. ಯಾವುದು ಸರಿ?
— ಪುಣೆಯ ಓದುಗರು

ಉತ್ತರ: ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ವಿಮಾನದವರು ಬಳಸುವ ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಗೋವಾದಿಂದ ಲೆಕ್ಕ ಹಾಕುವವರು ವಿಮಾನ ನಿಲ್ದಾಣದ ಕೋಡ್ ಕೂಡ ನೋಡಿಕೊಳ್ಳಿ, ಅಲ್ಲಿ ನಿಲ್ದಾಣಗಳು ಎರಡು: ದಾಬೋಳಿಗೆ ಜಿಓಐ, ಮೋಪಾಕ್ಕೆ ಜಿಓಎಕ್ಸ್. ದೂರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಆದರೆ ಟ್ಯಾಕ್ಸಿ ಬೇರೆಯದಕ್ಕೆ ಹೋದರೆ ವಿಮಾನ ಸಿಗುವುದಿಲ್ಲ.