ನೂರು ರೂಪಾಯಿಯ ಮೆಂತ್ಯ

ಪತ್ರ: ಕಳೆದ ಸಂಚಿಕೆಯಲ್ಲಿ ತಾರಸಿ ಕೃಷಿಯನ್ನು ಬಹಳ ಹೊಗಳಿದ್ದೀರಿ. ನಾನೂ ಮಾಡಿ ನೋಡಿದೆ. ಕುಂಡ, ಮಣ್ಣು, ಗೊಬ್ಬರ ಎಲ್ಲ ಸೇರಿ ಒಂದು ಕಟ್ಟು ಮೆಂತ್ಯಕ್ಕೆ ನೂರು ರೂಪಾಯಿ ಬಿತ್ತು. ಇಷ್ಟು ಬೆಳೆಯುತ್ತಿರುವ ಬೆಂಗಳೂರಿಗೆ ಇದರಿಂದ ಏನು ಲಾಭ?
– ಓದುಗರೊಬ್ಬರು, ವಿಜಯನಗರ

ಸಂಪಾದಕರ ಉತ್ತರ: ನಿಮ್ಮ ಲೆಕ್ಕ ಸರಿ. ನನ್ನ ಮೊದಲ ಕಟ್ಟು ಇನ್ನೂ ದುಬಾರಿ. 20 ಲೀಟರಿನ ಪೇಂಟ್ ಡಬ್ಬಗಳಿಗೆ ಬರೀ ಕೆಮ್ಮಣ್ಣು ತುಂಬಿದ್ದೆ. ನೀರು ಕುಡಿದ ಮೇಲೆ ಒಂದೊಂದೂ 30 ಕೆ.ಜಿ. ದಾಟಿತು. ತಳದ ತೂತು ಕಟ್ಟಿಕೊಂಡು ಕೆಳಗಿನ ಮನೆಯ ಸೂರು ಒಸರಿತು. ಆ ರಿಪೇರಿಯನ್ನೂ ಸೇರಿಸಿದರೆ ಮೆಂತ್ಯಕ್ಕಿಂತ ಕೇಸರಿಯೇ ಅಗ್ಗ! ಈಗ ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಮನೆಯಲ್ಲೇ ಮಾಡಿದ ಗೊಬ್ಬರ ಒಂದು ಪಾಲು.

ಊರಿಗೆ ಲಾಭ ಇರುವುದು ಆ ಮೂರನೇ ಪಾಲಿನಲ್ಲಿ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿಗಳಾದ ಮಂಡೂರು, ಮಾವಳ್ಳಿಪುರದ ಜನ ನಿಮ್ಮ ಕಸ ನಮಗೆ ಬೇಡ ಅಂದಾಗ ಬೆಂಗಳೂರಿನ ರಸ್ತೆಬದಿಗಳು ಹೇಗಿದ್ದವು, ನೆನಪಿದೆ ಅಲ್ವಾ? ಬಾಳೆಸಿಪ್ಪೆ, ಸೊಪ್ಪಿನ ಬೇರು, ಟೀ ಚರಟ ಇವೆಲ್ಲ ಲಾರಿ ಹತ್ತಲೇಬೇಕಿಲ್ಲ. ಆದರೆ ಗೊಬ್ಬರ ಮಾಡಿ ಅಂತ ಸುಮ್ನೆ ಹೇಳಿದರೆ ಯಾರೂ ಮಾಡುವುದಿಲ್ಲ. ಹಾಕಲು ನಾಲ್ಕು ಗಿಡ ಇದ್ದರೆ ಮಾಡುತ್ತಾರೆ.

ಹಾಗಂತ ತಾರಸಿ ಕೃಷಿಯಿಂದ ಊರಿನ ಹೊಟ್ಟೆ ತುಂಬುವುದಿಲ್ಲ. ಅಕ್ಕಿ, ರಾಗಿ, ಈರುಳ್ಳಿ ಹೊರಗಿನಿಂದಲೇ ಬರಬೇಕು. ಸೊಪ್ಪಿನ ಮಾತು ಬೇರೆ. ಬೆಳಿಗ್ಗೆ ಕಿತ್ತದ್ದು ಸಂಜೆಗೆ ಬಾಡುತ್ತದೆ. ಯಾವ ಕೊಳಚೆ ನೀರಲ್ಲಿ ಬೆಳೆದದ್ದೋ ಎಂಬ ಅನುಮಾನ ಬೇರೆ. ಅದನ್ನು ಮನೆ ಹತ್ತಿರ ಬೆಳೆಯುವುದು ಇಲ್ಲಿ ಹೊಸದೂ ಅಲ್ಲ. ಈಗ ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಅದರ ಸುತ್ತ ತೋಟಗಾರಿಕೆಯೇ ಕಸುಬಾಗಿದ್ದ ತಿಗಳ ಸಮುದಾಯದವರು ತರಕಾರಿ ಬೆಳೆಯುತ್ತಿದ್ದರು. ಕೆರೆ ಹೋಯಿತು, ತೋಟವೂ ಹೋಯಿತು. ಈಗ ಉಳಿದಿರುವುದು ತಾರಸಿಯೇ. ಅದಕ್ಕೇ 2011ರಿಂದ ನಡೆದುಬಂದ 'ಊಟ ಫ್ರಮ್ ಯುವರ್ ತೋಟ' ಎಂಬ ತಾರಸಿ ತೋಟಗಾರರ ಮೇಳದಂಥವು ನನಗೆ ಇಷ್ಟ.

ನೀರಿನ ವಿಷಯದಲ್ಲಿ ಮಾತ್ರ ನಾನು ಜಿಪುಣ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುವ ಕಾವೇರಿಯನ್ನು ಪೈಪ್ ಹಿಡಿದು ಕುಂಡಕ್ಕೆ ಬಿಡಬೇಡಿ. ಅಕ್ಕಿ ತೊಳೆದ ನೀರು, ಹಿಡಿದಿಟ್ಟ ಮಳೆ ನೀರು ಸಾಕು.

ಈ ಸಲ ಏನೂ ಕೊಳ್ಳಬೇಡಿ. ಅದೇ ಕುಂಡಕ್ಕೆ ಅಡುಗೆಮನೆ ಡಬ್ಬಿಯ ಮೆಂತ್ಯ ಕಾಳನ್ನೇ ಉದುರಿಸಿ. ಒಂದು ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ. ಎರಡನೇ ಕಟ್ಟಿಗೆ ಎಷ್ಟು ಬಿತ್ತು ಅಂತ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.