ಗೋಡೆಯ ಉಬ್ಬೂ ಲೇಬಲ್ಲಿಗೆ ಬಂದಿತ್ತು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಹೆಣ್ಣುಮಗಳು, ವಯಸ್ಸು 28ರ ಆಸುಪಾಸು. ಬೆಂಗಳೂರಿನ ಸಣ್ಣ ಸ್ಟುಡಿಯೋ ಒಂದರಲ್ಲಿ ಗ್ರಾಫಿಕ್ ಡಿಸೈನರ್. ಊರು ಸಾಗರದ ಕಡೆ. ಬಂದಾಗ ಹೇಳಿದ್ದು ನಿದ್ದೆಯ ತೊಂದರೆ. ರಾತ್ರಿ ಎರಡೂವರೆಗೆ ಎಚ್ಚರ ಆದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಹಗಲು ಕಂಪ್ಯೂಟರ್ ಮುಂದೆ ಕೂತರೆ ಕೈ ಓಡುವುದಿಲ್ಲ. "ಒಂದು ಗೆರೆ ಎಳೆದರೂ ಇದು ಎಲ್ಲೋ ನೋಡಿದ್ದಲ್ವಾ ಅನಿಸುತ್ತೆ ಮೇಡಂ" ಎಂದರು.

ನಿಜವಾದ ವಿಷಯ ಹೊರಗೆ ಬರಲು ಅರ್ಧ ಗಂಟೆ ಬೇಕಾಯಿತು. ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಒಂದು ಕಂಪನಿಗೆ ಇವರು ಲೇಬಲ್ ಮಾಡಿಕೊಟ್ಟಿದ್ದರು. ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆಯ ಅಂಚು. ಎಲ್ಲರೂ ಮೆಚ್ಚಿದರು. ಮೀಟಿಂಗಿನಲ್ಲಿ ಯಾರೋ "ಈ ಐಡಿಯಾ ಎಲ್ಲಿಂದ ಬಂತು?" ಎಂದು ಕೇಳಿದಾಗ ಇವರ ಬಾಯಿಂದ "ಚಿಕ್ಕಂದಿನ ನೆನಪು ಇಟ್ಕೊಂಡು ನಾನೇ ಮಾಡಿದ್ದು" ಎಂದು ಬಂದುಬಿಟ್ಟಿತು.

ನೆನಪಲ್ಲ, ಫೋನಿನಲ್ಲಿದ್ದ ಫೋಟೋ. ಎರಡು ವರ್ಷದ ಹಿಂದೆ ಊರಲ್ಲಿ ದೀವರ ಸಮುದಾಯದ ಮನೆಯೊಂದರ ಮದುವೆಗೆ ಹೋಗಿದ್ದಾಗ ಹಸೆಗೋಡೆಯ, ಅಂದರೆ ಮದುವೆಗೆಂದು ಚಿತ್ರ ಬರೆದ ಮನೆಗೋಡೆಯ, ಚಿತ್ತಾರವನ್ನು ತೆಗೆದುಕೊಂಡದ್ದು. ಬರೆದವರು ಇವರ ಕೇರಿಯ ಪಕ್ಕದಲ್ಲೇ ಇರುವ, ಇವರು ಅಕ್ಕ ಎಂದು ಕರೆಯುವ ಹೆಂಗಸು. ಆ ಕೆಲಸ ನೋಡಿದವರಿಗೆ ಗೊತ್ತು, ಅದು ಸುಮ್ನೆ ಗೀಚುವುದಲ್ಲ. ಅಕ್ಕಿ ನೆನೆಸಿ ಅರೆದು ಬಿಳಿ ಮಾಡಬೇಕು, ಅಕ್ಕಿ ಹುರಿದು ಕಪ್ಪು ಮಾಡಬೇಕು. ಕುಂಚ ಪುಂಡಿ ನಾರಿನದು. ಒಂದು ಗೆರೆಗೆ ಒಂದೇ ಉಸಿರು. ಇವರು ಆ ಫೋಟೋವನ್ನು ಕೆಳಗಿನ ಲೇಯರಿನಲ್ಲಿಟ್ಟು ಪೆನ್ ಟೂಲಿನಲ್ಲಿ ಟ್ರೇಸ್ ಮಾಡಿದ್ದರು.

ಆಮೇಲೆ ಒಂದು ದಿನ ಅಮ್ಮನ ಫೋನು. ಆ ಅಕ್ಕ ಪೇಟೆ ಅಂಗಡಿಯಲ್ಲಿ ಬಾಟಲಿ ನೋಡಿದ್ದಾರೆ. "ನಮ್ಮ ಚಿತ್ತಾರದ ಹಾಗೇ ಇದ್ಯಲ್ಲ, ಯಾರು ಬರೆದಿದ್ದಂತೆ? ನಿಮ್ಮ ಮಗಳಿಗೆ ಗೊತ್ತಿರಬಹುದು, ಕೇಳಿ" ಎಂದರಂತೆ. ಸಿಟ್ಟಿನಿಂದಲ್ಲ, ಖುಷಿಯಿಂದ.

"ಬೈದಿದ್ರೆ ತಡ್ಕೊಳ್ತಿದ್ದೆ ಮೇಡಂ. ಅವರು ಸುಮ್ನೆ ಕೇಳಿದ್ರು ಅಷ್ಟೇ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಮಾಧಾನ ಹೇಳುವ ಅವಸರದಲ್ಲಿ "ಕಲೆಯಲ್ಲಿ ಎಲ್ಲರೂ ಎಲ್ಲಿಂದಲೋ ತಗೊಂಡೇ ಬಂದಿದ್ದಾರೆ, ಅಷ್ಟು ಯೋಚನೆ ಬೇಡ" ಎಂದುಬಿಟ್ಟೆ. ಅವರು ತಲೆಯಾಡಿಸಿ ಹೋದರು. ಮೂರು ವಾರ ಬರಲೇ ಇಲ್ಲ. ಹೊಟ್ಟೆ ನೋವು ಎಂದು ಬಂದವರಿಗೆ ಎಲ್ಲರಿಗೂ ಹೊಟ್ಟೆ ನೋವು ಬರುತ್ತೆ ಎಂದು ಹೇಳಿ ಕಳಿಸಿದ ಹಾಗೆ ಆಗಿತ್ತು.

ಮತ್ತೆ ಬಂದಾಗ ವಾದ ತಯಾರು ಮಾಡಿಕೊಂಡೇ ಬಂದಿದ್ದರು. ಚಿತ್ತಾರ ಇಡೀ ಸಮುದಾಯದ್ದು, ಒಬ್ಬರದ್ದಲ್ಲ. ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಸೂಪ್ ಡಬ್ಬಿಯ ಚಿತ್ರ ತಗೊಂಡಿದ್ದು ಕಲೆ ಆಗುತ್ತೆ, ನಾನು ಮಾಡಿದ್ದು ಹೇಗೆ ಕಳ್ಳತನ? ಅಲ್ಲಿನದೇ ಇನ್ನೊಬ್ಬ ಕಲಾವಿದ ಶೆಪರ್ಡ್ ಫೇರಿ ಮಾಡಿದ ಒಬಾಮಾ ಪೋಸ್ಟರೂ ಒಂದು ಫೋಟೋ ನೋಡಿ ಮಾಡಿದ್ದೇ ಅಲ್ವಾ?

ನಾನು ವಕೀಲೆ ಅಲ್ಲ. ಆದರೆ ಈ ಕ್ಷೇತ್ರದವರು ನನ್ನ ಹತ್ತಿರ ಜಾಸ್ತಿ ಬರುವುದರಿಂದ ಫೇರಿ ಕಥೆ ಓದಿಕೊಂಡಿದ್ದೆ. 2008ರ ಆ 'ಹೋಪ್' ಪೋಸ್ಟರಿಗೆ ಆಧಾರ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ 2006ರಲ್ಲಿ ಮ್ಯಾನಿ ಗಾರ್ಸಿಯಾ ತೆಗೆದ ಫೋಟೋ. ಅದನ್ನು ಬಳಸಿದ್ದು ಸರಿಯೋ ತಪ್ಪೋ ಎಂದು ಕೋರ್ಟು ಕೊನೆಗೂ ಹೇಳಲಿಲ್ಲ. 2011ರಲ್ಲಿ ಎರಡೂ ಕಡೆಯವರು ರಾಜಿಯಾದರು. ಆದರೆ ಫೇರಿ ನಡುವೆ ಬೇರೆ ಫೋಟೋ ಬಳಸಿದ್ದೆ ಎಂದು ಸುಳ್ಳು ಹೇಳಿದ್ದರು, ಫೈಲು ಅಳಿಸಿದ್ದರು, ಸುಳ್ಳು ದಾಖಲೆ ಮಾಡಿದ್ದರು. 2012ರಲ್ಲಿ ಶಿಕ್ಷೆ ಆಗಿದ್ದು ಅದಕ್ಕೆ. 25,000 ಡಾಲರ್ ದಂಡ, 300 ಗಂಟೆ ಸಮುದಾಯ ಸೇವೆ, ಎರಡು ವರ್ಷ ಪ್ರೊಬೇಷನ್. ವಾರ್ಹೋಲ್ ವಿಷಯವೂ ಅವರು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ವಾರ್ಹೋಲ್ ಚಿತ್ರ ಮಾಡಲು ಬಳಸಿದ್ದ ಗಾಯಕ ಪ್ರಿನ್ಸ್ ಅವರ ಫೋಟೋ ತೆಗೆದವರು ಲಿನ್ ಗೋಲ್ಡ್‌ಸ್ಮಿತ್; ಆ ಜಗಳದಲ್ಲಿ ಅವರ ಪರವಾಗಿ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಇಷ್ಟು ಹೇಳಿ ಕೇಳಿದೆ: "ನಿಮಗೆ ರಾತ್ರಿ ಎಚ್ಚರ ಆದಾಗ ಕಣ್ಣ ಮುಂದೆ ಬರೋದು ಯಾವುದು? ಗೋಡೆನಾ, ಮೀಟಿಂಗಾ?"

ತುಂಬಾ ಹೊತ್ತು ಸುಮ್ಮನಿದ್ದು "ಮೀಟಿಂಗು" ಎಂದರು.

ಮುಂದಿನ ಸಲ ಲ್ಯಾಪ್‌ಟಾಪ್ ತರಲು ಹೇಳಿದೆ. ಫೋಟೋದ ಮೇಲೆ ಅವರ ಡಿಸೈನ್ ಇಟ್ಟು, ಕೆಳಗಿನದೂ ಕಾಣುವ ಹಾಗೆ ಒಪಾಸಿಟಿ ಅರ್ಧಕ್ಕೆ ಇಳಿಸಿ ಇಬ್ಬರೂ ನೋಡಿದೆವು. ಹೆಚ್ಚಿನ ಗೆರೆಗಳು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಎಡಗಡೆ ಒಂದು ಕಡೆ ಗೆರೆ ಸ್ವಲ್ಪ ಡೊಂಕಾಗಿತ್ತು. ಅಲ್ಲಿ ಗೋಡೆಯ ಮಣ್ಣು ಉಬ್ಬಿದೆ, ಅದಕ್ಕೇ ಗೆರೆ ಬಾಗಿದೆ. ಆ ಉಬ್ಬೂ ಉಪ್ಪಿನಕಾಯಿ ಬಾಟಲಿಗೆ ಬಂದಿತ್ತು. ಅವರಿಗೆ ನಗು ಬಂತು, ಹಿಂದೆಯೇ ಅಳು. ಅಪರಾಧಿ ಎಂದು ಸಾಬೀತು ಮಾಡಲು ಇದನ್ನು ಮಾಡಿಸಲಿಲ್ಲ. ಎರಡು ತಿಂಗಳಿಂದ ತಲೆಯಲ್ಲಿ "ನಾನು ಕಳ್ಳಿ", "ಇಲ್ಲ, ಇದು ಸ್ಫೂರ್ತಿ" ಎಂಬ ಎರಡೇ ಮಾತು ಕಿತ್ತಾಡುತ್ತಿದ್ದವು. ಎಷ್ಟು ತಗೊಂಡಿದ್ದು, ಎಷ್ಟು ತಮ್ಮದು ಎಂದು ಅವರು ಕಣ್ಣಾರೆ ನೋಡಿರಲೇ ಇಲ್ಲ. ಬಣ್ಣದ ಜೋಡಣೆ, ಅಕ್ಷರ, ಅಂಚನ್ನು ಬಾಟಲಿಯ ಸುತ್ತ ತಿರುಗಿಸಿದ ರೀತಿ ಅವರದೇ. ಅದೂ ಅವತ್ತು ಕಂಡಿತು.

ನಮ್ಮಮ್ಮನ ರಂಗೋಲಿ ಪುಸ್ತಕದ ಬಗ್ಗೆ ಹೇಳಿದೆ. ಹಳೇ ನೋಟ್‌ಬುಕ್ಕು, ಪೂರ್ತಿ ಕಾಪಿ ಹೊಡೆದದ್ದೇ. ಆದರೆ ಪ್ರತಿ ಚುಕ್ಕಿಯ ಲೆಕ್ಕದ ಕೆಳಗೆ "ಹಿಂದಿನ ಬೀದಿ ಟೀಚರಮ್ಮನ ಮನೇದು", "ನಾದಿನಿ ಹೇಳಿಕೊಟ್ಟಿದ್ದು" ಎಂದು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಯಾರೂ ಬರೆಯಲು ಹೇಳಿರಲಿಲ್ಲ.

ಸಲಹೆ ಎಂದು ನಾನು ಕೊಟ್ಟಿದ್ದು ಇಷ್ಟು. ಇನ್‌ಸ್ಟಾಗ್ರಾಮಿನಲ್ಲಿ ಕ್ಷಮೆ ಕೇಳುವ ಪೋಸ್ಟು ಬೇಡ. ಅವರು ಅದನ್ನು ಆಗಲೇ ಬರೆದಿಟ್ಟುಕೊಂಡಿದ್ದರು, ಚೆನ್ನಾಗಿಯೂ ಇತ್ತು. ಆದರೆ ಅದನ್ನು ಓದುವವರಲ್ಲಿ ಆ ಅಕ್ಕ ಇರುವುದಿಲ್ಲ. ಮೊದಲು ಒಬ್ಬ ಕಾಪಿರೈಟ್ ವಕೀಲರನ್ನು ನೋಡಿ, ಯಾಕೆಂದರೆ ಸ್ಟುಡಿಯೋ ಮತ್ತು ಕಂಪನಿಯ ನಡುವೆ ಕರಾರು ಇದೆ. ಆಮೇಲೆ ಬಾಸ್‌ಗೆ ಹೇಳಿ. ಆಮೇಲೆ ಊರಿಗೆ ಹೋಗಿ, ಬಾಟಲಿ ತಗೊಂಡು ಹೋಗಿ, ದುಡ್ಡಿನ ಕವರ್ ಬೇಡ. ಟ್ರೇಸ್ ಮಾಡಿದ್ದು ಎಂದು ಹೇಳಿ, ಏನು ಮಾಡಿದರೆ ಸರಿ ಎಂದು ಅವರನ್ನೇ ಕೇಳಿ. ಅವರು ಕ್ಷಮಿಸಲೇಬೇಕು ಎಂದು ಕಾಯಬೇಡಿ. ನಿದ್ದೆಗೆ ಬೇರೆ: ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವುದು ಒಂದೇ ಹೊತ್ತಿಗೆ, ಎಚ್ಚರವಾದಾಗ ಫೋನು ಮುಟ್ಟಬಾರದು. ಕೆಲಸಕ್ಕೆ, ಇನ್ನು ಮುಂದೆ ಪ್ರತಿ ಪ್ರಾಜೆಕ್ಟಿಗೂ ಒಂದು ಪುಟ: ಏನು ನೋಡಿದೆ, ಯಾರದ್ದು, ಕೇಳಿದೆನಾ.

ವಕೀಲರು ಹೇಳಿದ್ದನ್ನು ಈ ಹೆಣ್ಣುಮಗಳೇ ಬಂದು ನನಗೆ ವಿವರಿಸಿದರು. ಪರಂಪರೆಯಿಂದ ಬಂದ ವಿನ್ಯಾಸದ ಮೇಲೆ ಯಾರಿಗೂ ಕಾಪಿರೈಟ್ ಇಲ್ಲದಿರಬಹುದು. ಆದರೆ ಆ ಗೋಡೆಯ ಮೇಲೆ ಆ ಅಕ್ಕ ತಮ್ಮ ಕೈಯಿಂದ ಕಟ್ಟಿದ ಚಿತ್ರದ ಮಾತು ಬೇರೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಸಿಗಲು ನೋಂದಣಿಯೂ ಬೇಕಿಲ್ಲ. ಹಕ್ಕನ್ನು ಮಾರಿದ ಮೇಲೂ ಇದು ನನ್ನದು ಎಂದು ಹೇಳುವ ಹಕ್ಕು ಬರೆದವರಿಗೆ ಉಳಿಯುತ್ತದೆ, 57ನೇ ಸೆಕ್ಷನ್ನಿನಲ್ಲಿ.

ಊರಿಗೆ ಹೋಗಿ ಬಂದರು. ಆ ಅಕ್ಕ ಬಾಟಲಿ ತಿರುಗಿಸಿ ತಿರುಗಿಸಿ ನೋಡಿ "ಹೇಳಿದ್ರೆ ಇದಕ್ಕಿಂತ ಚೆಂದದ್ದು ಬರ್ದು ಕೊಡ್ತಿದ್ದೆ ಅಲ್ದ? ಇದು ಮದುವೆ ಗಡಿಬಿಡೀಲಿ ಮಾಡಿದ್ದು" ಎಂದರಂತೆ. ಬೇಜಾರಾಗಿದ್ದು ನಿಜ, ಚಹಾ ಕೊಟ್ಟಿದ್ದೂ ನಿಜ. ಆದರೆ ಅವರ ಮಗ ನೇರವಾಗಿ "ಕಂಪನಿ ನಿಮಗೆಷ್ಟು ಕೊಡ್ತು?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ ಎಂದು ನಾನು ಹೇಳಿದೆ. ನನ್ನ ಮಾತು ಇವರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಐದನೇ ಸಲ ಬಂದಾಗ ರಾತ್ರಿ ಐದಾರು ಗಂಟೆ ನಿದ್ದೆ ಬರುತ್ತಿತ್ತು. ಮುಂದಿನ ಸಲ ಲೇಬಲ್ ಅಚ್ಚಾಗುವಾಗ ಚಿತ್ತಾರ ಬರೆದವರ ಹೆಸರು ಹಾಕಲು ಕಂಪನಿ ಒಪ್ಪಿದೆ. ದುಡ್ಡಿನ ಮಾತು ಇನ್ನೂ ಮುಗಿದಿಲ್ಲ. ಬಾಸ್ ಮೊದಲಿನ ಹಾಗೆ ಮಾತಾಡುತ್ತಿಲ್ಲ, ಕೆಲಸ ಬದಲಾಯಿಸಬೇಕಾ ಎಂಬ ಯೋಚನೆ ಈಗ. ಅದಕ್ಕೆ ಬರುವ ಗುರುವಾರ ಮತ್ತೆ ಬರುತ್ತಾರೆ.