ಮತ್ತೆ ಮತ್ತೆ ಅದೇ ಪಾಪನಿವೇದನೆ: ಧ್ಯಾನಕೂಟಕ್ಕೆ ಹೊರಟ ಮಾಜಿ ಸೈನಿಕರು

(ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ನಾನು ಆಪ್ತಸಲಹೆಗಾರ್ತಿ. ಈ ಮಾಜಿ ಸೈನಿಕರಿಗಾಗಿ ಭೇಟಿಗೆ ಟೈಮ್ ಕೇಳಿದ್ದು ಅವರ ಹೆಂಡತಿ. "ಮೇಡಂ, ಇವರು ರಾತ್ರಿ ಮಲಗೋದೇ ಇಲ್ಲ. ಮಿಲಿಟರಿ ಕ್ಯಾಂಟೀನ್ ರಮ್ ಹೊಟ್ಟೆಗೆ ಬೀಳದೆ ಕಣ್ಣು ಮುಚ್ಚೋದಿಲ್ಲ. ನಮ್ಮ ಚರ್ಚಿನವರು ಮಾಜಿ ಸೈನಿಕರಿಗೆ ಅಂತಾನೇ ಧ್ಯಾನಕೂಟ ಇಟ್ಟಿದ್ದಾರೆ. ಶುಕ್ರವಾರ ಸಂಜೆ ಹೋದ್ರೆ ಭಾನುವಾರ ಮಧ್ಯಾಹ್ನ ಮುಗಿಯುತ್ತೆ. ಕಳಿಸಬಹುದಾ?"

ಹಳೇ ಮೈಸೂರು ಕಡೆಯ ಕಥೋಲಿಕ ಕುಟುಂಬ. ಗಂಡ ಹವಾಲ್ದಾರ್ ಆಗಿ ನಿವೃತ್ತರಾಗಿ, ಆಮೇಲೆ ಬ್ಯಾಂಕೊಂದರಲ್ಲಿ ಸೆಕ್ಯುರಿಟಿ ಕೆಲಸ ಮಾಡಿದವರು. ಮೊದಲ ಸಲ ಬಂದಾಗ ಅವರು ಜಾಸ್ತಿ ಮಾತಾಡಲಿಲ್ಲ. ಅಂಗಿ ಜೇಬಿನಿಂದ ಚಿಕ್ಕ ಡೈರಿ ತೆಗೆದು ನನ್ನ ಮುಂದಿಟ್ಟರು. ಪುಟಕ್ಕೊಂದು ತಾರೀಖು, ಒಂದು ಚರ್ಚಿನ ಹೆಸರು, ಕೆಳಗೆ ಒಂದೆರಡು ಸಾಲು. "ಹೇಳಿದೆ. ಸೈಕಲ್ಲಿನವನು ಅಂದೆ, ಹುಡುಗ ಅನ್ನಲಿಲ್ಲ." ಮುಂದಿನ ಪುಟದಲ್ಲಿ ಬೇರೆ ಊರಿನ ಚರ್ಚು: "ಹುಡುಗ ಅಂದೆ. ಎರಡು ಸಲ ಹೊಡೆದೆ ಅನ್ನಲಿಲ್ಲ." ಅದರ ಮುಂದಿನದು: "ಎಲ್ಲ ಹೇಳಿದೆ. ಫಾದರ್‌ಗೆ ಸರಿಯಾಗಿ ಕೇಳಿಸಿತೋ ಇಲ್ಲವೋ." ಡೈರಿ ತುಂಬ ಹೀಗೇ ಇತ್ತು. ಚರ್ಚಿನಲ್ಲಿ ಫಾದರ್ ಮುಂದೆ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳುವ ಪಾಪನಿವೇದನೆಯ ಲೆಕ್ಕ ಅದು.

ಅವರು ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದವರು. 1987ರ ಜುಲೈನಲ್ಲಿ ಒಪ್ಪಂದವಾಗಿ ನಮ್ಮ ಸೈನ್ಯ ಅಲ್ಲಿಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಎಲ್‌ಟಿಟಿಇ ಜೊತೆ ನೇರ ಕಾಳಗ ಶುರುವಾಗಿತ್ತು. 1990ರ ಮಾರ್ಚ್‌ನಲ್ಲಿ ಪಡೆ ಪೂರ್ತಿ ವಾಪಸಾಗುವಷ್ಟರಲ್ಲಿ ನಮ್ಮವರು ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಕಾರ್ಗಿಲ್ ಯೋಧರನ್ನು ನೆನೆಯುವಷ್ಟು ಇವರನ್ನು ನಾವು ಯಾರೂ ನೆನೆಯುವುದಿಲ್ಲ. ಅದು ಇವರಿಗೆ ಗೊತ್ತು, ನೋವೂ ಇದೆ.

ಒಂದು ರಾತ್ರಿ ಚೆಕ್‌ಪೋಸ್ಟಿನ ಹತ್ತಿರ ಸೈಕಲ್ಲಿನಲ್ಲಿ ಬಂದವನು ಕೂಗಿದರೂ ನಿಲ್ಲಲಿಲ್ಲ. ಇವರು ಗುಂಡು ಹಾರಿಸಿದರು. ಟಾರ್ಚ್ ಬಿಟ್ಟು ನೋಡಿದರೆ ಹುಡುಗ. ಕೈಯಲ್ಲಿ ಆಯುಧ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯುವ ಹಕ್ಕು ನನಗಿಲ್ಲ.

ಯುದ್ಧ ಕಂಡವರಿಗೆ ಬರುವ ಪಿಟಿಎಸ್‌ಡಿ (ಆಘಾತದ ನಂತರವೂ ಉಳಿದು ಕಾಡುವ ಮಾನಸಿಕ ತೊಂದರೆ) ಬಗ್ಗೆ ಈಗ ಜನಕ್ಕೆ ಗೊತ್ತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಸೇರಿತು. ಅದರಲ್ಲಿ ಮುಖ್ಯವಾಗಿ ಕಾಡುವುದು ಭಯ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1990ರ ದಶಕದಲ್ಲಿ ಇನ್ನೊಂದು ಬಗೆಯ ಗಾಯದ ಬಗ್ಗೆ ಬರೆದರು. ಅದನ್ನು ನೈತಿಕ ಗಾಯ ಎನ್ನುತ್ತಾರೆ. ಇಲ್ಲಿ ಕಾಡುವುದು 'ನನಗೆ ಏನಾದೀತು' ಅನ್ನುವ ಹೆದರಿಕೆಯಲ್ಲ, 'ನನ್ನ ಕೈಯಿಂದ ಇದಾಯಿತಲ್ಲ' ಅನ್ನುವ ಸಂಕಟ. ಹವಾಲ್ದಾರರಲ್ಲಿ ಎರಡೂ ಇತ್ತು. ಮೂರನೆಯದೂ ಒಂದಿತ್ತು: ಎಷ್ಟು ಸಲ ಕ್ಷಮೆ ಸಿಕ್ಕರೂ ಸಾಲದು ಅನ್ನುವ ಗೀಳು. ಒಣಗುತ್ತಿರುವ ಗಾಯದ ಹಕ್ಕಳೆಯನ್ನು ಕಿತ್ತು ಕಿತ್ತು ನೋಡಿದ ಹಾಗೆ. ಧ್ಯಾನಕೂಟದಲ್ಲೂ ಅವರಿಗೆ ಬೇಕಿದ್ದುದು ಇನ್ನೊಂದು ಪಾಪನಿವೇದನೆ, "ಈ ಸಲ ಒಂದೂ ಬಿಡದೆ."

ಹೋಗಬೇಡಿ ಅಂತ ನಾನು ಹೇಳಲಿಲ್ಲ. ನಂಬಿಕೆ ಇರುವವರಿಗೆ ಕ್ಷಮೆಯ ಮಾತು ಅವರ ದೇವರ ಮನೆಯಲ್ಲೇ ಸಿಗಬೇಕು. ಆಪ್ತಸಲಹೆಗಾರ್ತಿಯಾಗಿ ನಾನು ಅದನ್ನು ಕೊಡಲಾರೆ. ಆದರೆ ಸುಮ್ನೆ ಬ್ಯಾಗು ತುಂಬಿ ಹೊರಟುಬಿಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಮೊದಲನೆಯದು ರಮ್. ಧ್ಯಾನಮಂದಿರದಲ್ಲಿ ಕುಡಿತ ಇರುವುದಿಲ್ಲ, ಸರಿಯೇ. ಆದರೆ ದಿನಾ ಜೋರಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಗಬಹುದು, ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು. ಪ್ರಾಣಕ್ಕೂ ಅಪಾಯ. ಹಾಗಾಗಿ ಮೊದಲು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲಿಂದ ಮನೋವೈದ್ಯರ ಹತ್ತಿರ ಹೋಗಲು ಹೇಳಿದೆ. ಮಾತ್ರೆ ಶುರುವಾಗಿ, ಕುಡಿತ ವೈದ್ಯರ ಕಣ್ಣಳತೆಯಲ್ಲಿ ನಿಂತ ಮೇಲೆ ಹೋಗಬಹುದು ಅಂತ ಒಪ್ಪಂದ. ಆ ಕೂಟ ತಪ್ಪಿತು. ಮುಂದಿನದಕ್ಕೆ ಹೆಸರು ಬರೆಸಿದರು.

ಎರಡನೆಯದು ಆ ಡೈರಿ. ನಾನು ಕ್ರೈಸ್ತಳಲ್ಲ. ಹಾಗಾಗಿ ಅವರ ಒಪ್ಪಿಗೆ ಪಡೆದು ಕೂಟ ನಡೆಸುವ ಫಾದರ್‌ಗೆ ಫೋನ್ ಮಾಡಿದೆ. ಅವರು ಯೇಸುಸಭೆಯವರು, ಅಂದರೆ ಸಂತ ಇಗ್ನೇಷಿಯಸ್ ಲೊಯೋಲಾ ಕಟ್ಟಿದ ಜೆಸ್ವಿಟ್ ಸಂಘದವರು. "ನಮ್ಮ ಸಂತ ಇಗ್ನೇಷಿಯಸರೂ ಸೈನಿಕರೇ ಅಲ್ವಾ" ಅಂತ ಶುರುಮಾಡಿದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಇಗ್ನೇಷಿಯಸರ ಕಾಲು ಮುರಿಯಿತು. ಮರುವರ್ಷ ಮೊನ್ಸೆರಾತ್‌ನಲ್ಲಿ ಮಾತೆ ಮರಿಯಳ ಮುಂದೆ ಕತ್ತಿ ಬಿಟ್ಟು ಮನ್ರೇಸಾ ಊರಿಗೆ ಹೋದರು. ಅಲ್ಲಿ ಅವರಿಗೂ ಇದೇ ಗೀಳು ಹತ್ತಿತು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಿದರೂ ಏನೋ ಬಿಟ್ಟುಹೋಯಿತು ಅನ್ನುವ ತಳಮಳ. ಪ್ರಾಣ ಬಿಡುವ ಯೋಚನೆಯೂ ಬಂದಿತ್ತೆಂದು ತಮ್ಮ ಜೀವನಕಥನದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಹಳೆಯದನ್ನು ಇನ್ನು ಹೇಳುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ ಮೇಲೇ ಅದರಿಂದ ಬಿಡುಗಡೆ. ಇವತ್ತಿನ ಎಷ್ಟೋ ಧ್ಯಾನಕೂಟಗಳಿಗೆ ಬುನಾದಿಯಾದ, 'ಆಧ್ಯಾತ್ಮಿಕ ಸಾಧನೆಗಳು' ಎಂಬ ಅವರ ಪ್ರಾರ್ಥನಾಕ್ರಮ ರೂಪುಗೊಳ್ಳಲು ಶುರುವಾದದ್ದೂ ಅದೇ ಮನ್ರೇಸಾದಲ್ಲಿ. ಹವಾಲ್ದಾರರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಸಂತರಿಗೂ ಹಿಂಗಾಗಿತ್ತಾ?" ಅಂದರು. ನನ್ನ ಎಷ್ಟೋ ಮಾತು ಮಾಡದ ಕೆಲಸವನ್ನು ಈ ಕಥೆ ಮಾಡಿತು.

ಫಾದರ್ ಮತ್ತು ನಾನು ಸೇರಿ ಒಂದು ದಾರಿ ಹುಡುಕಿದೆವು. ಪಾಪನಿವೇದನೆ ಒಂದೇ ಸಲ, ಆತುರವಿಲ್ಲದೆ. ಅದಾದ ಮೇಲೆ ಈ ವಿಷಯ ಬೇರೆ ಯಾವ ಫಾದರ್ ಹತ್ತಿರವೂ ಎತ್ತಬಾರದು. ಮತ್ತೆ ಹೇಳಬೇಕು ಅನಿಸಿದರೆ ಆ ಒತ್ತಡವನ್ನು ನನ್ನ ಹತ್ತಿರ ತರಬೇಕು, ಅದಕ್ಕೆ ನಮ್ಮಲ್ಲಿ ಚಿಕಿತ್ಸೆ ಇದೆ. "ಅಲ್ಲಿ ಅವರು ಏನು ಹೇಳಿದರು ಅಂತ ನಾನು ಯಾರಿಗೂ ಹೇಳುವಂತಿಲ್ಲ, ನಿಮಗೂ" ಅಂದರು ಫಾದರ್. ನನಗೆ ಅದು ಬೇಕಾಗಿಯೂ ಇರಲಿಲ್ಲ.

ಉಳಿದವು ಚಿಕ್ಕ ವಿಷಯಗಳು, ಆದರೆ ಸೈನಿಕರಿಗೆ ಇಂಥ ಕೂಟ ನಡೆಸುವವರು ದಯವಿಟ್ಟು ಗಮನಿಸಿ. ಸ್ವಸ್ಥತಾ ಪ್ರಾರ್ಥನೆಯ ವೇಳೆ ಹಿಂದಿನಿಂದ ಬಂದು ತಲೆ ಮೇಲೆ ಕೈ ಇಡಬೇಡಿ, ಎದುರಿಗೆ ನಿಂತು ಕೇಳಿ. ಕಣ್ಣು ಮುಚ್ಚಿ ಅಂತ ಒತ್ತಾಯ ಬೇಡ. ಬಾಗಿಲು ಕಾಣುವ ಜಾಗದಲ್ಲಿ ಕೂರಲು ಬಿಡಿ. ಕೆಟ್ಟ ಕನಸಿಗೆ ಕಿರುಚಿ ಬೇರೆಯವರ ನಿದ್ದೆ ಕೆಡಿಸುತ್ತೇನೆ ಅನ್ನುವ ನಾಚಿಕೆಗೇ ಎಷ್ಟೋ ಜನ ಬರುವುದಿಲ್ಲ, ಅಂಥವರಿಗೆ ಒಂಟಿ ಕೋಣೆ ಕೊಡಿ. ಮೊಬೈಲ್ ಇಸಿದುಕೊಳ್ಳುವ ನಿಯಮವಿದ್ದರೆ ಇವರಿಗೆ ಸಡಿಲಿಸಿ. ದೀರ್ಘ ಮೌನ ಕೆಲವರಿಗೆ ನೆಮ್ಮದಿ, ಇನ್ನು ಕೆಲವರಿಗೆ ಆ ರಾತ್ರಿಯೇ ಮತ್ತೆ ಬಂದಂತೆ. ಎದ್ದು ಹೊರಗೆ ಓಡಾಡಿ ಬರುವ ಸ್ವಾತಂತ್ರ್ಯ ಇರಲಿ. ಮತ್ತು ಯಾರೂ, ಯಾವ ಕಾರಣಕ್ಕೂ, "ದೇವರು ಗುಣ ಮಾಡಿದ್ದಾನೆ, ಮಾತ್ರೆ ಬಿಡಿ" ಅನ್ನಬೇಡಿ.

ಅವರು ಹೋದರು. ಶನಿವಾರ ಎಲ್ಲರೂ ತಮ್ಮ ಅನುಭವ ಹಂಚಿಕೊಳ್ಳುವಾಗ ಎದ್ದು ಹೋಗಿ, ಅರ್ಧ ಗಂಟೆ ಬಿಟ್ಟು ವಾಪಸ್ ಬಂದು ಕೂತರಂತೆ. ಮಾತಾಡಲಿಲ್ಲವಂತೆ. ನನಗೆ ಅದೇ ದೊಡ್ಡದು. ನಿದ್ದೆ ಪೂರ್ತಿ ಸರಿಹೋಗಿಲ್ಲ. ಬೇರೆ ಚರ್ಚಿಗೆ ಹೋಗಿ ಹೇಳುವ ಆಸೆ ಒಮ್ಮೆ ಬಂದಿತ್ತು, ನನಗೆ ಫೋನ್ ಮಾಡಿದರು, ಹೋಗಲಿಲ್ಲ. ನವೆಂಬರ್ 2ರ ಮೃತರ ಸ್ಮರಣೆಯ ದಿನ ಆ ಹುಡುಗನಿಗಾಗಿ ಪೂಜೆ ಕೊಡಿಸಿದರು. ಹೆಸರು ಗೊತ್ತಿಲ್ಲ ಅಂದದ್ದಕ್ಕೆ "ಹೆಸರು ಬೇಕಿಲ್ಲ" ಅಂದರಂತೆ ಫಾದರ್.

ಹೆಂಡತಿ ನನ್ನ ಹತ್ತಿರ ಒಬ್ಬರೇ ಬಂದು ಕೇಳಿದರು: "ಫಾದರ್‌ಗೆ ಹೇಳಿದ್ದು ನನಗೆ ಹೇಳಬಾರದಾ ಮೇಡಂ?" ನೀವಾಗಿ ಕೆದಕಬೇಡಿ ಅಂದೆ. ನಿದ್ದೆ ಬಂತಾ, ಮಾತ್ರೆ ಆಯ್ತಾ, ಜೊತೆಗೆ ವಾಕಿಂಗ್ ಹೋಗೋಣ್ವಾ, ಇಷ್ಟು ಕೇಳಿ. ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಹಗಲು ರಾತ್ರಿ ಎನ್ನದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಂಬರನ್ನು ಅವರು ಅಲ್ಲೇ ತಮ್ಮ ಮೊಬೈಲಿನಲ್ಲಿ ಹಾಕಿಕೊಂಡರು.